ವೆಬ್‌ಸೈಟ್ ಹೆತ್ತ ಅಜ್ಜಿ

“ಮದುವೆ ಕಾಗದ ಪ್ರಿಂಟಿಗೆ ಹಾಕಿದ್ರಾ?”

ಕಡಬದಿಂದ ವನಜಕ್ಕನ ಫೋನು. ನಾನಾಗ ಪುತ್ತೂರಿನ ನನ್ನ ಪ್ರೆಸ್ಸಿನ ಬಾಗಿಲು ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದೆ. ಖುಷಿಯಲ್ಲೇ ಹೇಳಿದೆ, “ಇವತ್ತು ಹಾಕುದು ವನಜಕ್ಕ. ಪ್ರೂಫ್ ನೋಡಿ ಆಯ್ತು.”

“ಹಾಕ್ಬೇಡಿ. ಸ್ವಲ್ಪ ನಿಲ್ಸಿ.”

ಕಡ್ಡಿ ಉರಿದು ಬೆರಳು ಸುಟ್ಟ ಮೇಲೆಯೇ ನನಗೆ ಎಚ್ಚರವಾದದ್ದು. ಮದುವೆ ಕಾಗದವನ್ನು ‘ಸ್ವಲ್ಪ’ ನಿಲ್ಲಿಸುವುದು ಅಂತ ಒಂದು ಇದೆಯೇ? ಇಷ್ಟು ವರ್ಷ ಊರಿನವರ ಮದುವೆ ಕಾಗದ ಮುದ್ರಿಸಿಯೇ ಹೊಟ್ಟೆ ಹೊರೆದವನು ನಾನು. ನಿಲ್ಲಿಸಿ ಅಂದವರು ಆಮೇಲೆ ಬಂದು ಮುದ್ರಿಸಿ ಅಂದದ್ದು ನನಗೆ ನೆನಪಿಲ್ಲ.

“ಎಂತಾಯ್ತು ವನಜಕ್ಕ? ಯಾರಿಗಾದ್ರೂ ಹುಷಾರಿಲ್ವಾ?”

“ಹಾಗೆಂತ ಇಲ್ಲ. ನಮ್ಮವರ ವೆಬ್‌ಸೈಟ್ ಉಂಟಲ್ಲ, ಅದರಲ್ಲಿ ಪ್ರಸಾದಂದೂ ದೀಕ್ಷಾಂದೂ ಒಂದೇ ಬರಿ ಅಂತ ತೋರಿಸ್ತದೆ. ಕೆಂಪಕ್ಷರದಲ್ಲಿ ಉಂಟು ಮಾರಾಯ್ರೆ. ಅಮ್ಮ ಬೆಳಗ್ಗಿಂದ ಚಾ ಸಹ ಕುಡೀಲಿಲ್ಲ.”

ಫೋನು ಕಟ್ಟಾಯಿತು. ಅವರೇ ಇಟ್ಟರೋ, ನನ್ನ ಬೆರಳು ತಾಗಿತೋ ಗೊತ್ತಿಲ್ಲ.

ದೀಕ್ಷಾ ನನ್ನ ತಂಗಿ ಜಯಂತಿಯ ಮಗಳು. ಸುಳ್ಯದಲ್ಲಿ ಹೈಸ್ಕೂಲ್ ಟೀಚರ್. ಪ್ರಸಾದ ವನಜಕ್ಕನ ಮಗ, ಕಡಬ ಪೇಟೆಯಲ್ಲಿ ಪಂಪು ಪೈಪುಗಳ ಅಂಗಡಿ ಇಟ್ಟವನು. ನೆಂಟರ ಮನೆಯ ಗೃಹಪ್ರವೇಶದಲ್ಲಿ ಬಡಿಸುವಾಗ ಇವಳ ಎಲೆಗೆ ಅವನು ಎರಡು ಸಲ ಪಾಯಸ ಹಾಕಿದ್ದಾನೆ. (ಕೇಳದೆಯೇ!) ಅಲ್ಲಿಂದ ಶುರುವಾದದ್ದು ನಿಶ್ಚಿತಾರ್ಥದವರೆಗೆ ಬಂದು, ಹಾಲ್ ಬುಕ್ ಆಗಿ, ಸೀರೆಗಳಿಗೆ ಬ್ಲೌಸ್ ಹೊಲಿಯಲು ಕೊಟ್ಟೂ ಆಗಿತ್ತು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಬರಿ ಎಂದರೆ ನೀವು ಗೋತ್ರ ಅನ್ನುತ್ತೀರಲ್ಲ, ಹೆಚ್ಚುಕಡಿಮೆ ಅದೇ. ಆದರೆ ನಮ್ಮಲ್ಲಿ ಅದು ಬರುವುದು ಅಮ್ಮನಿಂದ. ಅಮ್ಮನದ್ದು ಯಾವ ಬರಿಯೋ ಮಕ್ಕಳದ್ದೂ ಅದೇ. ಒಂದೇ ಬರಿಯವರು ಎಷ್ಟು ದೂರದವರಾದರೂ ಒಡಹುಟ್ಟಿದವರ ಲೆಕ್ಕ. ಜಾತಕ ಕೂಡದಿದ್ದರೆ ಶಾಂತಿ ಮಾಡಿಸಬಹುದು. ಎತ್ತರ ಕೂಡದಿದ್ದರೆ ಹೀಲ್ಸ್ ಹಾಕಬಹುದು. ಬರಿ ಒಂದೇ ಆದರೆ? ಮುಗಿಯಿತು. ಅಣ್ಣನಿಗೆ ತಂಗಿಯನ್ನು ಧಾರೆ ಎರೆಯುವುದುಂಟೇ?

ಇದನ್ನು ಮೊದಲೇ ಕೇಳಿರಲಿಲ್ಲವೇ ಅನ್ನಬೇಡಿ. ನಮ್ಮವರು ಚಾ ಕೊಡುವ ಮೊದಲೇ ಕೇಳುವುದು ಬರಿಯನ್ನು! ಅವರದ್ದೊಂದು ಹೆಸರು, ನಮ್ಮದೊಂದು ಹೆಸರು, ಎರಡಕ್ಕೂ ಸಂಬಂಧವೇ ಇಲ್ಲ. (ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆ ಪತ್ರಿಕೆ ಮನೆಗೆ ಬರುವ ಮೊದಲು ಫೋನುಗಳು ಬರುತ್ತವೆ.) ಎರಡೂ ಕಡೆಯ ಹಿರಿಯರು ತಲೆಯಾಡಿಸಿದ ಮೇಲೆಯೇ ಮಾತು ಮುಂದೆ ಹೋದದ್ದು.

ಹಾಗಾದರೆ ಈ ಕೆಂಪಕ್ಷರ ಎಲ್ಲಿಂದ ಬಂತು?

ನಮ್ಮವರೇ ಕೆಲವರು ಸೇರಿ ಮಾಡಿಸಿದ ಸಂಬಂಧ ನೋಡುವ ವೆಬ್‌ಸೈಟ್ ಒಂದಿದೆ. ದೀಕ್ಷಾಳ ವಿವರವನ್ನು ಅದರಲ್ಲಿ ತುಂಬಿದವನು ನಾನೇ. ಪ್ರಸಾದನದ್ದೂ ಅದರಲ್ಲಿತ್ತು. ಸಂಬಂಧ ಕೂಡಿತಲ್ಲ, ಇನ್ನು ಹೆಸರು ತೆಗೆದುಬಿಡುವ ಎಂದು ಪ್ರಸಾದನ ಭಾವ ಒಳಗೆ ಹೋಗಿದ್ದಾರೆ. ಅಲ್ಲಿ ‘ಹೊಂದಾಣಿಕೆ ನೋಡಿ’ ಅಂತ ಒಂದು ಬಟನ್. ಬಟನ್ ಕಂಡರೆ ಒತ್ತದೆ ಇರುವ ಭಾವಂದಿರು ಭೂಮಿಯ ಮೇಲೆ ಇದ್ದಾರೆಯೇ? ಒತ್ತಿದರು.

ನಾನೂ ಕಂಪ್ಯೂಟರಿನ ಮುಂದೆ ಕೂತು ಒತ್ತಿದೆ. ವಯಸ್ಸು: ಹೊಂದುತ್ತದೆ. ವಿದ್ಯಾಭ್ಯಾಸ: ಹೊಂದುತ್ತದೆ. ಅದರ ಕೆಳಗೆ, ರಕ್ತದ ಬಣ್ಣದಲ್ಲಿ: ಒಂದೇ ಬರಿ. ಸಂಬಂಧ ಕೂಡದು.

ಮತ್ತೊಮ್ಮೆ ಒತ್ತಿದೆ. ಕೂಡದು. ಪುಟ ಮುಚ್ಚಿ ತೆರೆದೆ. ಕೂಡದು.

ಅಷ್ಟರಲ್ಲಿ ಕುಂಬ್ರದಿಂದ ಜಯಂತಿಯ ಫೋನು. ವನಜಕ್ಕ ಅವಳಿಗೂ ಹೇಳಿದ್ದರು. ಅಳುವುದಾ ಬೈಯುವುದಾ ಅಂತ ಅವಳಿಗೇ ತೀರ್ಮಾನವಾಗಿರಲಿಲ್ಲ. “ಅಣ್ಣ, ನೀನು ಸೋದರಮಾವ. ನೀನೇ ಹೇಳ್ಬೇಕು. ನಾಳೆ ಅವಳಿಗೆ ಬೇರೆ ಕಡೆ ನೋಡುದಾದ್ರೆ ಎಂತ ಹೇಳ್ಲಿಕ್ಕೆ ಉಂಟು? ನಿಶ್ಚಯ ಆದ್ಮೇಲೆ ಅಣ್ಣ ಅಂತ ಗೊತ್ತಾಯ್ತು ಅಂತ ಹೇಳ್ಲಿಕ್ಕಾಗ್ತದಾ?”

ನಾವು ಏನಾದರೂ ಮಾಡಬೇಕಲ್ಲ ಅಂತ ಮಾಡುವ ಕೆಲಸವೊಂದಿದೆ, ಅದನ್ನೇ ಮಾಡಿದೆ. ಮರ್ಕಂಜದ ಶೇಖರ ಮಾವನಿಗೆ ಫೋನು ಹಚ್ಚಿದೆ.

ಶೇಖರ ಮಾವ ಅಂದರೆ ನಮ್ಮ ಅಮ್ಮನ ಅಣ್ಣ. ಕುಟುಂಬದ ಸರ್ಚ್ ಇಂಜಿನ್. ಯಾರ ಅಜ್ಜ ಯಾರ ಭಾವ, ಯಾವ ಮನೆಗೂ ಯಾವ ಮನೆಗೂ ಯಾಕೆ ಮಾತಿಲ್ಲ, ಎಲ್ಲ ಅವರಲ್ಲಿ ಕೇಳಬೇಕು. ಅವರು ಇದುವರೆಗೆ ಯಾವ ಪ್ರಶ್ನೆಗೂ ಉತ್ತರ ಕೊಡದೆ ಇದ್ದದ್ದು ನಾನು ಕಂಡಿಲ್ಲ.

ವಿಷಯ ಹೇಳಿದಾಗ ಮೊದಲು ನಕ್ಕರು. “ಎಂತ ಒಂದೇ ಮಾರಾಯ! ಅವರದ್ದು ಬೇರೆಯೇ. ಯಾರವ ಹೇಳಿದ್ದು?”

“ಕಂಪ್ಯೂಟರ್ ಮಾವ. ವೆಬ್‌ಸೈಟಲ್ಲಿ ಬರ್ತಾ ಉಂಟು.”

ಆ ಕಡೆಯ ನಗು ತಟ್ಟನೆ ನಿಂತಿತು.

“ಕಂಪ್ಯೂಟರ್ ಹೇಳ್ತದಾ? ಹಾಂ... ಸುಮ್ಮನೆ ಹೇಳ್ಲಿಕ್ಕಿಲ್ಲ ಅದು. ತಡೆ. ನಮ್ಮ ಕುಟುಂಬದ್ದು ಒಬ್ರು ಹೆಂಗಸು ಹಿಂದೆ ಹೊಳೆ ದಾಟಿ ಕಡಬದ ಕಡೆ ಹೋಗಿದ್ರು ಅಂತ ಒಂದು ಮಾತು ಉಂಟು.”

ನೋಡಿ, ಹೀಗೆ ಹುಟ್ಟಿತು ಆ ಅಜ್ಜಿ.

ಬೆಳಗ್ಗೆ ಅವಳು ಬರೀ ‘ಒಬ್ರು ಹೆಂಗಸು’. ಮಧ್ಯಾಹ್ನ ಜಯಂತಿ ಫೋನು ಮಾಡಿದಾಗ ಅವಳಿಗೆ ಅಣ್ಣಂದಿರ ಜೊತೆ ಜಗಳವಾಗಿತ್ತು. ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಮಾವ ವಾಯ್ಸ್ ಮೆಸೇಜ್ ಹಾಕುವಷ್ಟರಲ್ಲಿ ಅವಳು ಕೈಯಲ್ಲಿ ಒಂದು ಕರುವನ್ನು ಹಿಡಿದುಕೊಂಡು ಕುಮಾರಧಾರಾ ಹೊಳೆ ದಾಟಿದ್ದಳು! ಹೋದಲ್ಲಿ ಬೇರೆ ಹೆಸರಿನ ಬರಿ ಹೇಳಿಕೊಂಡಳು, ಮೂಲ ಮಾತ್ರ ನಮ್ಮದೇ. ಹೆಣ್ಣಿನಿಂದ ಹೆಣ್ಣಿಗೆ ಬರುವುದು ಬರಿ. ಆ ಲೆಕ್ಕದಲ್ಲಿ ಹೊಳೆ ದಾಟಿದ ಅಜ್ಜಿಯ ಸಂತಾನವೆಲ್ಲ ನಮ್ಮ ಬರಿ. ಕತೆ ಎಷ್ಟು ಸರಿಯಾಗಿ ಕೂತಿತು ಎಂದರೆ ನನಗೇ ಮೈ ಜುಮ್ಮೆಂದಿತು.

ಶೇಖರ ಮಾವ ಅಲ್ಲಿಗೇ ನಿಲ್ಲಿಸಿದರೇ? ಇಲ್ಲ. ನೇರ ಕಡಬಕ್ಕೆ ಫೋನು ಮಾಡಿ ವನಜಕ್ಕನ ಅಮ್ಮನ ಹತ್ತಿರ ಮಾತಾಡಿದರು. ಅವರೇ ಆ ಮನೆಯ ಹಿರಿತಲೆ. ಅವರೂ “ಹೌದು ಹೌದು, ಒಬ್ರು ಬಂದಿದ್ರಂತೆ, ನಾನೂ ಕೇಳಿದ ಹಾಗೆ ಉಂಟು” ಅಂದರು.

ಇನ್ನೇನು ಉಳಿಯಿತು? ಹೋದದ್ದಕ್ಕೆ ಈ ದಡದಲ್ಲಿ ಸಾಕ್ಷಿ, ಬಂದದ್ದಕ್ಕೆ ಆ ದಡದಲ್ಲಿ ಸಾಕ್ಷಿ. ಮೇಲೆ ಕಂಪ್ಯೂಟರಿನ ಮುದ್ರೆ. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು. “ಧಾರೆಗೆ ಮೊದಲೇ ಗೊತ್ತಾದದ್ದು ದೇವರ ದಯೆ” ಅಂತ ಒಬ್ಬರು ಬರೆದರು. ನನಗೆ ಆ ಮೊಬೈಲನ್ನು ತೆಗೆದು ರಸ್ತೆಗೆ ಎಸೆಯುವ ಅನ್ನಿಸಿತು.

ಮರುದಿನ ದೀಕ್ಷಾ ಶಾಲೆ ಬಿಟ್ಟವಳು ಮನೆಗೆ ಹೋಗದೆ ನೇರ ಪುತ್ತೂರಿಗೆ, ನನ್ನ ಪ್ರೆಸ್ಸಿಗೆ ಬಂದಳು. ಚಪ್ಪಲಿಯನ್ನೂ ಕಳಚದೆ ಸ್ಟೂಲಿನ ಮೇಲೆ ಕೂತಳು. ಸಾಮಾನ್ಯವಾಗಿ ಬಂದ ಕೂಡಲೇ ನನ್ನ ಮೇಜಿನ ಮೇಲಿನ ಕಾಗದಗಳಲ್ಲಿ ತಪ್ಪು ಹುಡುಕಿ ನಗುವ ಹುಡುಗಿ. ಅವತ್ತು ಕೈ ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಮಾವ, ನಿನ್ನೆಯಿಂದ ಅವರು ಮೆಸೇಜ್ ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ.”

“ಎಲ್ಲ ಸರಿ ಆಗ್ತದೆ ಮಗಾ.”

“ಎಂತ ಅಂತ ಶುರು ಮಾಡುದು ಮೆಸೇಜ್? ಅಣ್ಣ ಅಂತ ಬರೀಬೇಕಾ?”

ಅವಳು ತಮಾಷೆಗೆ ಕೇಳಿದ್ದಲ್ಲ. ಸೋದರಮಾವನೆಂದರೆ ನಮ್ಮಲ್ಲಿ ಏನೆಲ್ಲ ಮರ್ಯಾದೆ ಇದೆ, ಏನೆಲ್ಲ ಶಾಸ್ತ್ರಕ್ಕೆ ಮುಂದೆ ನಿಲ್ಲಿಸುತ್ತಾರೆ. ನಾನು ಮಾಡಿದ್ದು ಅವಳಿಗೊಂದು ಚಾ ತರಿಸಿಕೊಟ್ಟದ್ದು, ಅಷ್ಟೆ.

ಅವಳನ್ನು ಕುಂಬ್ರದ ಮೇಲೆ ಹೋಗುವ ಸುಳ್ಯ ಬಸ್ಸಿಗೆ ಬಿಟ್ಟು ಬಂದು ಮತ್ತೆ ಆ ಪುಟವನ್ನೇ ನೋಡುತ್ತಾ ಕೂತೆ. ಗಾಯವನ್ನು ಕೆರೆಯುವ ಹಾಗೆ. ಆಗ ಒಂದು ಕಂಡಿತು. ದೀಕ್ಷಾಳ ವಿವರದಲ್ಲಿ ‘ಬರಿ’ ಎಂಬಲ್ಲಿ ಏನೂ ಇಲ್ಲ. ಖಾಲಿ. ಪ್ರಸಾದನದ್ದರಲ್ಲೂ ಖಾಲಿ. (ಗ್ರೂಪಿನಲ್ಲಿ ಇದಕ್ಕೂ ಅರ್ಥ ಬಂದಿತ್ತು: “ಬೇಕೂಂತಲೇ ಮುಚ್ಚಿಟ್ಟಿದ್ದಾರೆ.”) ಆದರೆ ನಾನು ಅಲ್ಲಿ ಬರೆದಿದ್ದೆ! ಪ್ರೆಸ್ಸಿನವನಿಗೆ ಖಾಲಿ ಜಾಗ ಎಂದರೆ ಆಗಿಬರುವುದಿಲ್ಲ. ಅಕ್ಷರ ಬಿಟ್ಟುಹೋದರೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಅಲ್ಲಿ ಕೊಟ್ಟಿದ್ದ ಬರಿಗಳ ಪಟ್ಟಿಯಲ್ಲಿ ನಮ್ಮ ಬರಿ ಇರಲಿಲ್ಲ, ನಮ್ಮದು ಸಣ್ಣ ಬರಿ. ‘ಇತರ’ ಒತ್ತಿದಾಗ ಬರೆಯಲು ಒಂದು ಚೌಕ ತೆರೆದುಕೊಂಡಿತ್ತು. ಕನ್ನಡದಲ್ಲಿ ಚಂದ ಮಾಡಿ ತುಂಬಿಸಿದ್ದೆ.

ಬರೆದದ್ದು ಎಲ್ಲಿಗೆ ಹೋಯಿತು?

ಬೆಳಗಾದದ್ದೇ ಆ ವೆಬ್‌ಸೈಟ್ ಮಾಡಿದ ಸೌಮ್ಯಳ ಆಫೀಸಿಗೆ ಹೋದೆ. ನಮ್ಮ ಪ್ರೆಸ್ಸಿನಿಂದ ನಾಲ್ಕು ಹೆಜ್ಜೆ, ಮೊಬೈಲ್ ರಿಪೇರಿ ಅಂಗಡಿಯ ಮಹಡಿ. ಸೌಮ್ಯ ಜೋರು ಹೆಂಗಸು. ನಾನು ವಿಷಯ ಎತ್ತಿದ ಕೂಡಲೇ ತಿರುಗಿಬಿದ್ದಳು.

“ಅಂಕಲ್, ಅದರಲ್ಲಿ ತಪ್ಪಿಲ್ಲ. ಎಷ್ಟು ಮದುವೆ ಆಗಿದೆ ಗೊತ್ತುಂಟಾ ಅದ್ರಿಂದ? ನಿಮ್ದೇ ಎಂತಾದ್ರೂ ತಪ್ಪು ಒತ್ತಿರ್ಬೇಕು.”

“ನಾನು ಒತ್ತಿದ್ದಲ್ಲ ಮಾರಾಯ್ತಿ, ಬರೆದದ್ದು.”

“ಬರೆದದ್ದಾ?” ಅಂದಳು. “ಎಲ್ಲಿ, ‘ಇತರ’ದಲ್ಲಾ?”

ಅವಳ ಮುಖ ಬದಲಾಯಿತು. ಚಾ ಲೋಟ ಪಕ್ಕಕ್ಕಿಟ್ಟು ಕೀಬೋರ್ಡ್ ಎಳೆದುಕೊಂಡಳು. ಸ್ಕ್ರೀನಿನ ತುಂಬ ಇಂಗ್ಲಿಷ್ ಸಾಲುಗಳು. ಅಲ್ಲಿ ಇಲ್ಲಿ ಹುಡುಕಿ ಒಂದು ಸಾಲಿನಲ್ಲಿ ನಿಂತಳು. ಎಕ್ಸ್‌ರೇ ಹಿಡಿದ ವೈದ್ಯರ ಹಾಗೆ ಅದನ್ನೇ ನೋಡಿದಳು.

“ಹೇಳಮ್ಮ, ಎಂತ?”

ಹೇಳಿದಳು. ನನಗೆ ಅರ್ಥವಾದಷ್ಟನ್ನು ನಿಮಗೆ ಹೇಳುತ್ತೇನೆ. ನಾವು ಫಾರ್ಮಿನಲ್ಲಿ ಏನೇ ತುಂಬಿದರೂ ಆ ಕಡೆಯ ಸರ್ವರ್‌ಗೆ ಹೋಗಿ ಮುಟ್ಟುವುದು ಬರೀ ಅಕ್ಷರಗಳ ಮಾಲೆ. ವಯಸ್ಸು ಇಪ್ಪತ್ತೇಳು ಅಂತ ಒತ್ತಿದರೂ ಅದು ಎರಡು ಮತ್ತು ಏಳು ಎಂಬ ಎರಡು ಅಕ್ಷರ, ಸಂಖ್ಯೆಯಲ್ಲ. ಇದನ್ನು ಸಂಖ್ಯೆ ಅಂತ ಹಿಡಿ, ಇದನ್ನು ತಾರೀಕು ಅಂತ ಹಿಡಿ, ಇದನ್ನು ಬರಹವಾಗಿಯೇ ಇಡು ಎಂದು ಅಲ್ಲಿ ಕೂತ ಸ್ಕ್ರಿಪ್ಟು, ಅಂದರೆ ಸೌಮ್ಯ ಬರೆದಿಟ್ಟ ಆಜ್ಞೆಗಳ ಸಾಲುಗಳು, ಹೇಳಬೇಕು. ಪಟ್ಟಿಯಲ್ಲಿದ್ದ ಪ್ರತಿ ಬರಿಗೂ ಸೌಮ್ಯ ಒಂದೊಂದು ನಂಬರ್ ಕೊಟ್ಟಿದ್ದಳು. ಹಾಗಾಗಿ ಬರಿಯ ಚೌಕದಿಂದ ಬಂದದ್ದನ್ನೆಲ್ಲ ಸಂಖ್ಯೆ ಮಾಡು ಅಂತ ಸ್ಕ್ರಿಪ್ಟಿಗೆ ಹೇಳಿಟ್ಟಿದ್ದಳು. ಆಮೇಲೆ ವೆಬ್‌ಸೈಟ್ ಮಾಡಿಸಿದ ಕಮಿಟಿಯವರು ಯಾರೋ ಬಂದು ಸಣ್ಣ ಬರಿಯವರಿಗೆ ಬೇಸರವಾಗುತ್ತದೆ, ‘ಇತರ’ ಅಂತ ಒಂದು ಇಡು ಎಂದಿದ್ದಾರೆ. ಇಟ್ಟಳು. ಸಾಲು ಮಾತ್ರ ಹಳೆಯದೇ ಉಳಿಯಿತು.

“ಬರಹವನ್ನು ಸಂಖ್ಯೆ ಮಾಡು ಅಂದ್ರೆ ಅದು ಎಂತ ಮಾಡ್ತದೆ?” ಅಂತ ಕೇಳಿದೆ.

“ಸೊನ್ನೆ ಮಾಡ್ತದೆ.”

“ಆಗುದಿಲ್ಲ ಅಂತ ಹೇಳುದಿಲ್ವಾ?”

“ನಾವು ಹೇಳ್ಲಿಕ್ಕೆ ಹೇಳದಿದ್ರೆ ಹೇಳುದಿಲ್ಲ ಅಂಕಲ್. ಸುಮ್ಮನೆ ಸೊನ್ನೆ ಬರ್ಕೊಂಡು ಮುಂದೆ ಹೋಗ್ತದೆ.”

ನನಗೆ ನಂಬಿಕೆ ಬರಲಿಲ್ಲ. ಅವಳು ಪರೀಕ್ಷೆಗೆಂದು ಒಂದು ಸುಳ್ಳು ಹುಡುಗಿಯನ್ನೂ ಒಂದು ಸುಳ್ಳು ಹುಡುಗನನ್ನೂ ಸೃಷ್ಟಿಸಿದಳು. ಹುಡುಗಿಯ ಬರಿ ‘ಬೆಕ್ಕು’ ಅಂತ ಬರೆದಳು. ಹುಡುಗನದ್ದು ‘ರಿಕ್ಷಾ’. ಬಟನ್ ಒತ್ತಿದಳು.

ಒಂದೇ ಬರಿ. ಸಂಬಂಧ ಕೂಡದು.

ಬೆಕ್ಕಿಗೂ ರಿಕ್ಷಾಕ್ಕೂ ಒಂದೇ ಹೊಟ್ಟೆ! ನಾನು ನಗಲು ಹೋದೆ, ಬರಲಿಲ್ಲ. ‘2ನೇ ಮನೆ’ ಅಂತ ಬರೆಸಿ ನೋಡಿದೆ. ಅದನ್ನು ಎರಡು ಅಂತ ಹಿಡಿದುಕೊಂಡು, ‘ನೇ ಮನೆ’ಯನ್ನು ಬಿಸಾಡಿ, ಪಟ್ಟಿಯ ಎರಡನೇ ಬರಿಯವರ ಮನೆಗೆ ಸೇರಿಸಿಬಿಟ್ಟಿತು. ಅರ್ಧ ಕೇಳಿಸಿಕೊಂಡು ಪೂರ್ತಿ ಅರ್ಥವಾದವರ ಹಾಗೆ ಹೂಂ ಅನ್ನುವ ಜನ ನಮ್ಮಲ್ಲೂ ಇದ್ದಾರಲ್ಲ, ಅದೇ ಜಾತಿ.

“ಹಾಗಾದ್ರೆ ನಾನು ಬರೆದದ್ದು?”

“ಇಲ್ಲ ಅಂಕಲ್. ಸೊನ್ನೆ ಮಾತ್ರ ಉಳಿದದ್ದು. ನೀವು ಬರೆದದ್ದೂ ಹುಡುಗನ ಕಡೆಯವರು ಬರೆದದ್ದೂ ಎಲ್ಲಿಯೂ ಇಲ್ಲ.” ದನಿ ತಗ್ಗಿತ್ತು. “ಸೊನ್ನೆ ನಂಬರಿನ ಬರಿ ಪಟ್ಟಿಯಲ್ಲಿ ಇಲ್ಲ. ಹಾಗೆ ಹೆಸರು ಖಾಲಿ ಬರುದು. ಆದ್ರೆ ಸೊನ್ನೆಯೂ ಸೊನ್ನೆಯೂ ಒಂದೇ ಅಲ್ವಾ? ಹಾಗೆ ಒಂದೇ ಬರಿ.”

‘ಇತರ’ದಲ್ಲಿ ಬರೆದ ಪ್ರತಿಯೊಬ್ಬರೂ ಪರಸ್ಪರ ಅಣ್ಣ ತಂಗಿಯರು. ಎಷ್ಟು ಸಂಬಂಧಗಳು ಇದರಿಂದ ಮುರಿದವೋ? ಎಷ್ಟು ಮಂದಿ ಫೋನನ್ನೂ ಮಾಡದೆ, ಕೆಂಪಕ್ಷರ ಕಂಡ ಕೂಡಲೇ ಮುಂದಿನ ಫೋಟೋಗೆ ಹೋದರೋ? ಸೌಮ್ಯಳಿಗೂ ಅದೇ ಯೋಚನೆ ಬಂದಿರಬೇಕು. ಉಗುರು ಕಚ್ಚುತ್ತಾ ಕೂತಿದ್ದಳು. “ಎಲ್ರಿಗೂ ಫೋನ್ ಮಾಡಿ ಹೇಳ್ತೇನೆ ಅಂಕಲ್. ಬೈತಾರೆ, ಬೈಲಿ.”

ಅವಳು ಸರಿಮಾಡಲು ಕೂತಳು. ಪಟ್ಟಿಗೆ ಬೇರೆ, ಬರಹಕ್ಕೆ ಬೇರೆ ಎಂದು ಜಾಗ ಮಾಡಿದಳು. ಬಂದದ್ದನ್ನು ಒಳಗೆ ಬಿಡುವ ಮೊದಲು ನೀನು ಯಾರು, ಸಂಖ್ಯೆಯೋ ಬರಹವೋ ಎಂದು ಕೇಳುವ ಸಾಲೊಂದನ್ನು ಬರೆದಳು. ಎರಡರಲ್ಲಿ ಒಂದು ಖಾಲಿ ಇದ್ದರೂ ಹೋಲಿಸಬೇಡ, ‘ಗೊತ್ತಿಲ್ಲ’ ಅಂತ ತೋರಿಸು ಎಂದಳು. ನಾನು ಪಕ್ಕದಲ್ಲಿ ಕೂತು ದೀಕ್ಷಾಳ ಬರಿಯನ್ನು ಮತ್ತೆ ತುಂಬಿದೆ. ಪ್ರಸಾದನಿಗೆ ನಾನೇ ಫೋನು ಮಾಡಿದೆ. ಅವನು ಅಂಗಡಿಯಲ್ಲಿ ಪೈಪು ಅಳೆಯುತ್ತಿದ್ದವನು ಟೇಪನ್ನು ಅಲ್ಲೇ ಬಿಟ್ಟು ತನ್ನದನ್ನು ತುಂಬಿದ. ಬಟನ್ ಒತ್ತಿದೆವು.

ಬೇರೆ ಬರಿ. ಹಸಿರಕ್ಷರ.

“ದೀಕ್ಷಾಗೆ ನಾನು ಹೇಳ್ಬಹುದಾ?” ಅಂತ ಆ ಹುಡುಗ ಕೇಳಿದ ದನಿಗೆ ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆ ಎಂತದ್ದು, ಬಂತು.

ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ. ಮೊಬೈಲಿನಲ್ಲಿ ಹಸಿರಕ್ಷರದ ಫೋಟೋ ಹಿಡಿದುಕೊಂಡು, ಸ್ಕೂಟರ್ ಹಾರಿಸಿಕೊಂಡು ಮರ್ಕಂಜಕ್ಕೆ ಹೋದೆ. ಶೇಖರ ಮಾವ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಎಲ್ಲ ವಿವರಿಸಿದೆ. ಬೆಕ್ಕು, ರಿಕ್ಷಾ, ಸೊನ್ನೆ. ಅವರು ಸಾವಧಾನವಾಗಿ ಕೇಳಿ, ಸುಣ್ಣದ ಬೆರಳು ಒರೆಸಿಕೊಂಡು ಹೇಳಿದರು:

“ಕಂಪ್ಯೂಟರ್ ತಪ್ಪಿರ್ಬಹುದು. ಆದ್ರೆ ಆ ಅಜ್ಜಿ ಹೊಳೆ ದಾಟಿದ್ದು ಸುಳ್ಳಾಗ್ತದಾ?”

ನಾನು ಮೊಬೈಲನ್ನು ಕಿಸೆಗೆ ಹಾಕಿದೆ.

“ಮಾವ, ಕಂಪ್ಯೂಟರ್ ಹೇಳಿದ್ದಕ್ಕೆ ಅಲ್ವಾ ನಿಮಗೆ ಅಜ್ಜಿ ನೆನಪಾದದ್ದು?”

“ಹೌದು. ಅದು ನೆನಪು ಮಾಡಿಸಿತು. ಪುಣ್ಯ.”

ಸೌಮ್ಯ ಒಂದು ಸಾಲು ತಿದ್ದಿದಳು, ಕೆಂಪು ಹಸಿರಾಯಿತು. ಅಜ್ಜಿಯನ್ನು ಯಾರು ತಿದ್ದುವುದು? ಅವಳು ಕರು ಹಿಡಿದುಕೊಂಡು ಹೊಳೆ ದಾಟಿ ಆಗಿದೆ. ಗ್ರೂಪಿನ ಎಲ್ಲರ ಮೊಬೈಲಿನಲ್ಲಿ ಇದ್ದಾಳೆ. ಕಡಬದಲ್ಲಿ ಅವಳನ್ನು ಬರಮಾಡಿಕೊಂಡೂ ಆಗಿದೆ. ವನಜಕ್ಕನಿಗೆ ಫೋನು ಮಾಡಿದರೆ ಅವರೂ ಅದನ್ನೇ ಅಂದರು, “ನಂಗೆ ಮನಸ್ಸು ಉಂಟು ಅಣ್ಣ. ಅಮ್ಮ ಒಪ್ಪುದಿಲ್ಲ. ನಿಮ್ಮ ಮಾವನೇ ಹೇಳಿದ್ದಲ್ವಾ? ಆದಿತ್ಯವಾರ ಅವರನ್ನೇ ಕರ್ಕೊಂಡು ಬನ್ನಿ. ಎದುರಿಗೆ ಕೂತು ಮಾತಾಡುವ. ಆಗುದಾದ್ರೆ ಆಗುದು, ಇಲ್ಲದಿದ್ರೆ ಅವತ್ತಿಗೇ ಮುಗಿಸುವ.”

ಆದಿತ್ಯವಾರದವರೆಗೆ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ತಲೆಯಲ್ಲಿ ಏನೇನೋ ಬರುತ್ತಿತ್ತು. ನಾನು ಇದುವರೆಗೆ ಎಷ್ಟು ಫಾರ್ಮು ತುಂಬಿಲ್ಲ? ಎಷ್ಟು ಕಡೆ ‘ಇತರ’ ಒತ್ತಿಲ್ಲ? ಎಷ್ಟು ಸರ್ವರ್‌ಗಳಲ್ಲಿ ನಾನೊಂದು ಸೊನ್ನೆಯಾಗಿ ಕೂತಿದ್ದೇನೆ, ಎಷ್ಟು ಮಂದಿ ಗುರುತಿಲ್ಲದವರ ಜೊತೆ ನನ್ನನ್ನು ಒಂದೇ ಅಂತ ಕಟ್ಟಿಹಾಕಿದ್ದಾರೆ? ನಮೂದಿಸಿದ್ದಕ್ಕೆ ಧನ್ಯವಾದಗಳು ಅಂತ ಬಂದ ಕೂಡಲೇ ಸಮಾಧಾನದಿಂದ ಎದ್ದುಹೋಗುತ್ತೇವಲ್ಲ, ಆ ಕಡೆ ಏನು ಬರೆದುಕೊಂಡರು ಅಂತ ನಾವು ಯಾರಾದರೂ ನೋಡಿದ್ದೇವೆಯೇ?

ಆದಿತ್ಯವಾರ ಕಡಬಕ್ಕೆ ಹೋದೆವು. ಜಯಂತಿ, ನಾನು, ಶೇಖರ ಮಾವ. ಹುಡುಗಿ ಬರುವುದು ಬೇಡ ಅಂತ ಎಲ್ಲರೂ ಹೇಳಿದ್ದೆವು. ಅವಳು ಕಾರಿಗೆ ಮೊದಲೇ ಹತ್ತಿ ಕೂತಿದ್ದಳು.

ವನಜಕ್ಕನ ಮನೆಯ ಚಾವಡಿ. ಆ ಕಡೆ ವನಜಕ್ಕನ ಅಮ್ಮ, ಕಡಬದ ಅಜ್ಜಿ, ಕುರ್ಚಿಯಲ್ಲಿ; ಈ ಕಡೆ ಶೇಖರ ಮಾವ. ಬಾಗಿಲ ಹತ್ತಿರ ಪ್ರಸಾದ, ಗೋಡೆಗೆ ಒರಗಿ. ಅವನೂ ದೀಕ್ಷಾಳೂ ಒಬ್ಬರನ್ನೊಬ್ಬರು ನೋಡದೆ ಇರಲು ಪಡುತ್ತಿದ್ದ ಕಷ್ಟ ನನ್ನಿಂದ ನೋಡಲಾಗಲಿಲ್ಲ. ಬೊಂಡದ ನೀರು, ಅಂದರೆ ಎಳನೀರು, ಬಂತು. ಯಾರೂ ಕುಡಿಯಲಿಲ್ಲ. (ಮಾತು ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ.)

ಮಾವ ಗಂಟಲು ಸರಿಮಾಡಿಕೊಂಡು ಕತೆ ಶುರುಮಾಡಿದರು. ಕರುವಿನ ಜೊತೆ ಈಗ ಒಂದು ಕಂಚಿನ ದೀಪವೂ ಸೇರಿತ್ತು. ಅಜ್ಜಿ ಹೂಂ ಹೂಂ ಅನ್ನುತ್ತಿದ್ದರು. ಈ ದೀಪ ಉರಿದರೆ ಮದುವೆ ಆರಿದ ಹಾಗೆಯೇ.

“ಅಜ್ಜ,” ಅಂದಳು ದೀಕ್ಷಾ. ಚಾವಡಿ ಪೂರ್ತಿ ಅವಳ ಕಡೆ ತಿರುಗಿತು. “ಅವರ ಹೆಸರೆಂತ?”

“ಹೆಸರು... ಹಳೆ ಕಾಲದ್ದು ಮಗಾ.”

“ನಿಮಗೆ ಹೇಳಿದ್ದು ಯಾರು?”

“ಹಿರಿಯರು.”

“ಯಾವ ಹಿರಿಯರು ಅಜ್ಜ?”

ಜಯಂತಿ ಅವಳ ಚೂಡಿದಾರದ ಶಾಲು ಹಿಡಿದು ಎಳೆದಳು. ಹಿರಿಯರನ್ನು ಹೀಗೆ ಕೇಳುವ ಹುಡುಗಿಯನ್ನು ಯಾವ ಮನೆಯವರು ತಂದುಕೊಳ್ಳುತ್ತಾರೆ? ನಾನು ಮನಸ್ಸಿನಲ್ಲೇ ಎಲ್ಲ ಮುಗಿಯಿತು ಅಂದುಕೊಂಡೆ. ದೀಕ್ಷಾ ಮಾತ್ರ ಅಜ್ಜನ ಮುಖದಿಂದ ಕಣ್ಣು ತೆಗೆಯಲಿಲ್ಲ. ಗಟ್ಟಿ ದನಿಯಲ್ಲೇ ಅಂದಳು, “ಗೊತ್ತಿದ್ರೆ ಹೇಳಿ ಅಜ್ಜ. ನಾನು ಈಗಲೇ ಎದ್ದು ಹೋಗ್ತೇನೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ.”

ಕಡಬದ ಅಜ್ಜಿ ಕೋಲನ್ನು ಬದಿಗೆ ಇಟ್ಟರು. “ಅವಳು ಕೇಳುದು ಸರಿ ಉಂಟು ಶೇಖರ. ಹೇಳು.”

ಶೇಖರ ಮಾವ ಫ್ಯಾನನ್ನು ನೋಡಿದರು. ಬೊಂಡದ ಲೋಟವನ್ನು ನೋಡಿದರು. ನನ್ನನ್ನು ನೋಡಿದರು, ನಾನೇನಾದರೂ ಎತ್ತಿಕೊಡುತ್ತೇನೆಯೇ ಅಂತ. ಇಡೀ ಜೀವಮಾನದಲ್ಲಿ ಕೇಳಿದವರಿಗೆಲ್ಲ ಉತ್ತರ ಕೊಟ್ಟ ಮನುಷ್ಯ. ಆ ಒಂದು ಮಾತು ಅವರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ದಾರಿಯೇ ಗೊತ್ತಿಲ್ಲ ಅದಕ್ಕೆ. ಹೇಳಿ ಮಾವ, ನಿಮ್ಮ ದಮ್ಮಯ್ಯ, ಹೇಳಿಬಿಡಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ.

“ಖಂಡಿತ ಅಂತ... ಹೇಳ್ಲಿಕ್ಕೆ ಆಗುದಿಲ್ಲ,” ಅಂದರು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ, “ಇಲ್ಲ ಮಗಾ. ನಂಗೆ ಗೊತ್ತಿಲ್ಲ.”

ನಾನು ಕಡಬದ ಅಜ್ಜಿಯ ಮುಖ ನೋಡಿದೆ. ಅವರ ಮನೆಗೂ ಒಬ್ಬ ಅಜ್ಜಿ ಬಂದಿದ್ದಳಲ್ಲ, ಅವಳ ಗತಿಯೇನು?

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

“ನಂಗೂ ಗೊತ್ತಿಲ್ಲ ಮಾರಾಯ! ನೀನು ಫೋನಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದಿ. ನಮ್ಮ ಮನೆಗೆ ಬಂದವಳ ವಿಷಯ ನಂಗೇ ಗೊತ್ತಿಲ್ಲ ಅಂದ್ರೆ ಮರ್ಯಾದೆಗೆ ಕಡಿಮೆ ಅಲ್ವಾ? ಹಾಗೆ ಹೌದು ಅಂದದ್ದು.”

ವನಜಕ್ಕ ಎದ್ದು ಬಂದು ದೀಕ್ಷಾಳ ತಲೆ ಮುಟ್ಟಿದರು. “ದಿನ ಬದಲಿಸುದು ಬೇಡ ಅಣ್ಣ, ಮೊದಲು ಇಟ್ಟದ್ದೇ ಇರ್ಲಿ” ಅಂದರು ನನ್ನ ಕಡೆ ತಿರುಗಿ. ಆವರೆಗೆ ಗಟ್ಟಿ ನಿಂತಿದ್ದ ಹುಡುಗಿ ಅಂಗಳಕ್ಕೆ ಓಡಿಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪ್ರಸಾದ ಒಂದು ಲೋಟ ನೀರು ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ನಿಂತ. ಜಯಂತಿ ಚಾವಡಿಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಕೊನೆಗೂ ಆ ಬೊಂಡದ ನೀರು ಕುಡಿದೆ.

ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ಈ ಕಡೆಯವರಿಗೂ ಗೊತ್ತಿಲ್ಲ, ಆ ಕಡೆಯವರಿಗೂ ಗೊತ್ತಿಲ್ಲ. ಎರಡು ಗೊತ್ತಿಲ್ಲಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಅಂದುಬಿಟ್ಟಿದ್ದೆವು, ಎರಡು ಜೀವಗಳನ್ನು ಅಣ್ಣ ತಂಗಿ ಮಾಡಲು ಹೊರಟಿದ್ದೆವು.

ಸರ್ವರ್ ಹೀಗೆ ಮಾಡಿದರೆ ಅದನ್ನು ಬಗ್ ಎನ್ನುತ್ತೇವೆ. ಚಾವಡಿ ಮಾಡಿದರೆ ಹಿರಿಯರ ಮಾತು ಎನ್ನುತ್ತೇವೆ, ಅಲ್ಲವೇ?